ದೂರದ ಕ್ಯಾಂಪಸ್‌ನಲ್ಲಿ ಗುಂಡಿನ ದಾಳಿಯಾದಾಗ ನೆರೆಹೊರೆಯವರು ಮಾಡಬೇಕಾದದ್ದು

2007ರ ಏಪ್ರಿಲ್ 16ರಂದು ಅಮೆರಿಕದ ವಿಶ್ವವಿದ್ಯಾಲಯವಾದ ವರ್ಜೀನಿಯಾ ಟೆಕ್‌ನಲ್ಲಿ 32 ಮಂದಿ ಗುಂಡಿಗೆ ಬಲಿಯಾದರು. ಅಂಥ ಸುದ್ದಿ ಬಂದ ದಿನ, ಅಲ್ಲಿ ಓದುತ್ತಿರುವ ಹುಡುಗಿಯ ತಾಯಿ ತುಮಕೂರಿನ ತಮ್ಮ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದೆ, ಫೋನ್ ಹಿಡಿದು ನಿಂತಿರುತ್ತಾರೆ. ಮೊದಲು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮಗಳು ಕ್ಷೇಮವೆಂದು ತಿಳಿದ ಮೇಲೂ ಕೈನಡುಕ ನಿಲ್ಲದಿರುವುದು, ನಿದ್ದೆ ಬಾರದಿರುವುದು ಸಹಜವೇ ಹೊರತು ದೌರ್ಬಲ್ಯವಲ್ಲ. ಮಗಳೊಡನೆ ಮಾತನಾಡುವಾಗ ನಡೆದದ್ದನ್ನು ಕೆದಕದೆ, "ಊಟ ಆಯ್ತಾ ಪುಟ್ಟ, ಜೊತೆಗೆ ಯಾರಿದ್ದಾರೆ?" ಎಂದಷ್ಟೇ ವಿಚಾರಿಸಿ, ಅವಳು ಹೇಳಿದಷ್ಟನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವಂತೆ ತಾಯಿಗೆ ತಿಳಿಸಿ. ದಾಳಿಯ ವಿಡಿಯೊಗಳನ್ನು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವುದು, ನನ್ನ ದೃಷ್ಟಿಯಲ್ಲಿ, ಗಾಯದ ಮೇಲೆ ಬರೆ ಎಳೆದಂತೆ. ತಾಯಿಯ ಸಂಕಟ ವಾರಗಳು ಕಳೆದರೂ ಇಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿ; ಅಲ್ಲಿ ಹಗಲಿರುಳೆನ್ನದೆ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.