ಪೆನ್ಷನ್ ಬರೋ ಮುಂಚೆನೇ ಮೆಡಿಕಲ್ ಪೇಪರ್ಸ್ ಕೈಗೆ ತಗೊಳ್ಳಿ

ನಿಮ್ಮನೇಲಿ, ನಿಮ್ಮೂರಲ್ಲಿ ಯಾರಾದ್ರೂ ಇನ್ನೊಂದು ವರ್ಷದಲ್ಲಿ ಮಿಲಿಟ್ರಿಯಿಂದ ಪೆನ್ಷನ್ ಬರೋರಿದ್ರೆ ಇದನ್ನ ಅವರಿಗೆ ತಲುಪಿಸಿ. ನಾನು ಇಪ್ಪತ್ನಾಲ್ಕು ವರ್ಷ ಸರ್ವಿಸ್ ಮುಗಿಸಿ ಹವಾಲ್ದಾರ್ ಆಗಿ ಊರಿಗೆ ಬಂದೋನು. ಪಿಎಫ್ ದುಡ್ಡು, ಗ್ರಾಚ್ಯುಟಿ, ಮನೆ ಸೈಟು ಅಂತ ಎಲ್ಲಾ ಲೆಕ್ಕ ಹಾಕಿದ್ದೆ, ಮೆಡಿಕಲ್ ಪೇಪರ್ಸ್ ಬಗ್ಗೆ ಮಾತ್ರ ಯೋಚನೆನೇ ಮಾಡಿರ್ಲಿಲ್ಲ, ಅದು ಆಫೀಸಲ್ಲಿ ಇರತ್ತಲ್ಲ ಬಿಡು ಅಂತ.

ನಂದು ಎಡಗಾಲಿನ ಮಂಡಿ. ಮೇಲೆ ಪೋಸ್ಟ್‌ನಲ್ಲಿದ್ದಾಗ ಐಸ್ ಮೇಲೆ ಜಾರಿ ಬಿದ್ದಿದ್ದು, ಎಂಎಚ್‌ನಲ್ಲಿ (ಮಿಲಿಟ್ರಿ ಆಸ್ಪತ್ರೆ) ಹನ್ನೊಂದು ದಿನ ಅಡ್ಮಿಟ್ ಆಗಿದ್ದೆ. ಇಂಜುರಿ ರಿಪೋರ್ಟ್ ಬರೆದಿದ್ರು, ನಾನೇ ಕಣ್ಣಾರೆ ನೋಡಿ ಸೈನ್ ಹಾಕಿದ್ದೆ, ಆದ್ರೆ ಒಂದು ಜೆರಾಕ್ಸ್ ಇಟ್ಕೊಳ್ಳಲಿಲ್ಲ. ಆಮೇಲೆ ಯೂನಿಟ್ ಎರಡು ಸಲ ಜಾಗ ಬದಲಾಯ್ತು, ಪೆನ್ಷನ್‌ಗೆ ಮುಂಚೆ ಡಾಕ್ಟರ್‌ಗಳು ಕೂತು ಪರೀಕ್ಷೆ ಮಾಡೋ ಮೆಡಿಕಲ್ ಬೋರ್ಡ್ ಟೈಮಿಗೆ ಹುಡುಕಿದ್ರೆ ಆ ಪೇಪರ್ ಎಲ್ಲೂ ಇಲ್ಲ. ಮಂಡಿ ನೋವು ಸರ್ವಿಸ್‌ಗೆ ಸಂಬಂಧ ಇಲ್ಲ ಅಂತ ಬರೆದ್ರು. ಅದನ್ನ ಸರಿ ಮಾಡಿಸೋಕೆ ಎರಡು ವರ್ಷ ಹಿಡೀತು. ಅದಕ್ಕೇ ಹೇಳ್ತಿದೀನಿ, ಗೇಟ್ ಒಳಗಿದ್ದಾಗ ಹೆಡ್ ಕ್ಲರ್ಕ್ ಸಾಬ್‌ಗೆ ಒಂದು ಮಾತು ಹೇಳಿದ್ರೆ ಆಗೋ ಕೆಲಸ, ಐಡಿ ಕಾರ್ಡ್ ಒಪ್ಪಿಸಿ ಹೊರಗೆ ಬಂದ್ಮೇಲೆ ತಿಂಗಳುಗಟ್ಟಲೆ ಪತ್ರ ಬರೆಯೋ ಕೆಲಸ ಆಗತ್ತೆ.

ಮೊದ್ಲು ಒಂದು ನೋಟ್‌ಬುಕ್ ತಗೊಂಡು ನೆನಪಿರೋದೆಲ್ಲ ಬರೀರಿ. ಯಾವ ವರ್ಷ, ಯಾವ ಯೂನಿಟ್, ಯಾವ ಆಸ್ಪತ್ರೆ, ಏನಾಗಿತ್ತು. ಹಳೇ ಡಿಸ್ಚಾರ್ಜ್ ಸ್ಲಿಪ್ ಒಂದಾದ್ರೂ ಸಿಕ್ರೆ ಅದರಲ್ಲಿ ಎ ಅಂಡ್ ಡಿ ನಂಬರ್ ಇರತ್ತೆ, ಅಡ್ಮಿಷನ್ ಪುಸ್ತಕದ ನಂಬರ್ ಅದು, ಕೇಸ್ ಶೀಟ್ (ಅಡ್ಮಿಟ್ ಆಗಿದ್ದಾಗ ಡಾಕ್ಟರ್ ಬರೆದಿಡೋ ಹಾಳೆಗಳು) ಹುಡುಕೋಕೆ ಅದೇ ದಾರಿ. ಮನೇಲಿ ಟ್ರಂಕ್ ತೆಗೆದು ನೋಡಿ, ಲೀವ್‌ನಲ್ಲಿ ಬಂದಾಗ ತಂದಿಟ್ಟಿರ್ತೀವಿ, ನಂದು ಎಕ್ಸ್‌ರೇ ಒಂದು ಹೆಂಡತಿ ಸೀರೆಗಳ ಕೆಳಗೆ ಸಿಕ್ತು.

ಇನ್ನು ಯಾವ್ಯಾವ ಪೇಪರ್ ಬೇಕು ಅಂದ್ರೆ, ಅಡ್ಮಿಟ್ ಆಗಿದ್ದ ಪ್ರತಿ ಸಲದ ಡಿಸ್ಚಾರ್ಜ್ ಸ್ಲಿಪ್ ಮತ್ತು ಕೇಸ್ ಶೀಟ್, ಆಪರೇಷನ್ ಆಗಿದ್ರೆ ಅದರ ನೋಟ್ಸ್, ಮೆಡಿಕಲ್ ಕೆಟಗರಿ (ಫಿಟ್‌ನೆಸ್ ದರ್ಜೆ) ಕೆಳಗೆ ಹೋಗಿದ್ರೆ ಪ್ರತಿ ಕೆಟಗರಿ ಬೋರ್ಡಿನ ಕಾಪಿ, ಕಿವಿ ಪರೀಕ್ಷೆ ರಿಪೋರ್ಟ್ (ತೋಪು ಹೊಡೆಯೋ ಆರ್ಟಿಲರಿ ಹುಡುಗರು ಇದನ್ನ ಮರೀಲೇಬೇಡಿ), ಭರ್ತಿ ಆದಾಗಿನ ಮೆಡಿಕಲ್. ಎಲ್ಲಕ್ಕಿಂತ ಮುಖ್ಯ ಇಂಜುರಿ ರಿಪೋರ್ಟ್, ಐಎಎಫ್‌ವೈ-2006 ಅಂತಾರಲ್ಲ ಅದು. ಪೆಟ್ಟಾದಾಗ ನೀವು ಡ್ಯೂಟಿ ಮೇಲೆ ಇದ್ರಾ ಇಲ್ವಾ ಅಂತ ಸಿಒ (ಯೂನಿಟ್ ಮುಖ್ಯಸ್ಥರು) ಬರೆಯೋದು ಅದರಲ್ಲೇ. ಕೋರ್ಟ್ ಆಫ್ ಇನ್‌ಕ್ವಾಯರಿ (ಪೆಟ್ಟಿನ ಬಗ್ಗೆ ಮಿಲಿಟ್ರಿ ಒಳಗೇ ನಡೆಸೋ ವಿಚಾರಣೆ) ಆಗಿದ್ರೆ ಅದರದ್ದೂ ಕೇಳಿ.

ಭರ್ತಿ ಟೈಮಿನ ಮೆಡಿಕಲ್ ಯಾಕೆ ಅಂತ ಕೇಳ್ತಾರೆ ಹುಡುಗರು. 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗ ಪೇಪರ್‌ನಲ್ಲಿ ಆ ಕಾಯಿಲೆ ಬರೆದಿಲ್ಲ ಅಂದ್ರೆ ಆ ಮನುಷ್ಯ ಗಟ್ಟಿಮುಟ್ಟಾಗೇ ಸೇರಿದ್ದ ಅಂತ ಅರ್ಥ, ಆಮೇಲೆ ಬಂದಿದ್ದು ಸರ್ವಿಸ್‌ನಿಂದ ಬಂದಿದ್ದಲ್ಲ ಅನ್ನೋದಾದ್ರೆ ಬೋರ್ಡ್ ಕಾರಣ ಕೊಡ್ಬೇಕು. ಆದ್ರೆ 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಪೆನ್ಷನ್ ಬರೋರಿಗೆ ಡಿಸೆಬಿಲಿಟಿ ವಿಷಯದಲ್ಲಿ ಹೊಸ ರೂಲ್ಸ್ ಇದೆ, ಹಳಬರು ಹೇಳೋ ಲೆಕ್ಕನ ಹಾಗೇ ನಂಬ್ಕೊಂಡು ಕೂರ್ಬೇಡಿ, ಪೇಪರ್ ಗಟ್ಟಿ ಮಾಡ್ಕೊಳ್ಳಿ.

ಕೇಳೋ ಕ್ರಮ ಹೀಗೆ. ಎಂಐ ರೂಮಿಗೆ, ಅಂದ್ರೆ ಯೂನಿಟ್ ದವಾಖಾನೆಗೆ ಹೋಗಿ ಅಲ್ಲಿನ ಡಾಕ್ಟರ್ ಆರ್‌ಎಂಒ ಸಾಬ್ ಹತ್ರ ಮಾತಾಡಿ, ಆಮೇಲೆ ಬಾಯಲ್ಲಿ ಹೇಳಿ ಸುಮ್ನಾಗ್ದೆ ಒಂದು ಅರ್ಜಿ ಬರೆದು ಯೂನಿಟ್ ಮೂಲಕ ಕಳಿಸಿ, ನಿಮ್ಮ ಕಾಪಿ ಮೇಲೆ ಆಫೀಸಿನ ಸೀಲು ತಾರೀಕು ಹಾಕಿಸ್ಕೊಳ್ಳಿ. ಫೋನಲ್ಲಿ ಫೋಟೋ ಹೊಡ್ಕೊಳ್ಳೋಣ ಅಂತ ಹೋಗ್ಬೇಡಿ, ಯೂನಿಟ್ ಒಳಗೆ ಅದು ಬೇರೆ ತಲೆನೋವು, ಕೇಳಿ ಜೆರಾಕ್ಸ್ ಮಾಡಿಸಿ. ಇಸಿಜಿ ಪೇಪರ್ ಇದ್ರೆ ಅವತ್ತೇ ಜೆರಾಕ್ಸ್ ಮಾಡ್ಸಿ, ನನ್ನದು ನಾಲ್ಕು ವರ್ಷಕ್ಕೆ ಬಿಳಿ ಹಾಳೆ ಆಗ್ಹೋಗಿತ್ತು, ಒಂದು ಗೆರೆನೂ ಕಾಣಲ್ಲ.

ರಿಲೀಸ್ ಮೆಡಿಕಲ್ ಬೋರ್ಡ್ ದಿನ ಅರ್ಜೆಂಟ್ ಮಾಡ್ಬೇಡಿ. ಊರಿಗೆ ಹೋಗೋ ಖುಷೀಲಿ ಎಲ್ಲಾ ಠೀಕ್ ಹೈ ಸಾಬ್ ಅಂದ್ಬಿಡ್ತೀವಿ. ಬಿಪಿ, ಶುಗರ್, ಬೆನ್ನು, ಕಿವಿ, ರಾತ್ರಿ ನಿದ್ದೆ ಬರಲ್ಲ ಅನ್ನೋದು, ಏನಿದ್ರೂ ಬಾಯಿಬಿಟ್ಟು ಹೇಳಿ. ಕೆಟಗರಿ ಕೆಳಗೆ ಹೋಗಿರೋರಿಗೆ ಎಎಫ್‌ಎಂಎಸ್‌ಎಫ್-16 ಫಾರಂ ತುಂಬ್ತಾರೆ, ಸೈನ್ ಹಾಕೋ ಮುಂಚೆ ಓದಿ, ನಿಮ್ಮ ಆರ್ಮಿ ನಂಬರಿನ ಕೊನೇ ಅಕ್ಷರದಿಂದ ಹಿಡಿದು ಎಡ ಬಲ ಸರಿ ಇದೆಯಾ ಅಂತಾನೂ ನೋಡಿ. ನನ್ನ ಒಂದು ಸ್ಲಿಪ್‌ನಲ್ಲಿ ಬಲ ಮಂಡಿ ಅಂತಿತ್ತು. ಪರ್ಸೆಂಟೇಜ್ ಎಷ್ಟು ಹಾಕಿದಾರೆ, ಸರ್ವಿಸ್‌ನಿಂದ ಬಂತು ಅಂತ ಬರೆದಿದಾರಾ, ಸರ್ವಿಸ್‌ನಿಂದ ಜಾಸ್ತಿ ಆಯ್ತು ಅಂತಾನಾ, ಎರಡೂ ಅಲ್ಲ ಅಂತಾನಾ, ಇದೇ ಮುಖ್ಯ. ಟೈಮ್ ಪೂರ್ತಿ ಮುಗಿಸಿ ಬರೋರಿಗೆ 20 ಪರ್ಸೆಂಟ್‌ಗಿಂತ ಕಮ್ಮಿ ಆದ್ರೆ ಡಿಸೆಬಿಲಿಟಿ ದುಡ್ಡಿನ ದಾರಿ ಕಷ್ಟ. ಬೋರ್ಡಿನ ಕಾಪಿಗೂ ಅಲ್ಲೇ ಅರ್ಜಿ ಕೊಡಿ.

ಆಗಲೇ ಊರಿಗೆ ಬಂದ್ಬಿಟ್ಟಿದೀರಾ? ಹಾಗಾದ್ರೆ ಮೊದ್ಲು ನಿಮ್ಮ ರೆಕಾರ್ಡ್ ಆಫೀಸಿಗೆ (ಸರ್ವಿಸ್ ದಾಖಲೆ ಇಡೋ ಆಫೀಸು) ರಿಜಿಸ್ಟರ್ಡ್ ಪೋಸ್ಟ್ ಹಾಕಿ. ಎಂಇಜಿಯವರಿಗೆ (ಮದ್ರಾಸ್ ಇಂಜಿನಿಯರ್ ಗ್ರೂಪ್) ಬೆಂಗಳೂರಲ್ಲೇ ಇದೆ, ಮರಾಠಾದವರಿಗೆ ಬೆಳಗಾವಿ, ಆರ್ಟಿಲರಿ ನಾಸಿಕ್, ಸಿಗ್ನಲ್ಸ್ ಜಬಲ್ಪುರ. ಸುಮ್ನಿದ್ರೆ ಆರ್‌ಟಿಐ ಹಾಕಿ, 10 ರೂಪಾಯಿ ಫೀಸು, ಆನ್‌ಲೈನಲ್ಲೂ ಆಗತ್ತೆ, 30 ದಿನದಲ್ಲಿ ಉತ್ತರ ಕೊಡ್ಬೇಕು. ನನ್ನ ಎಲ್ಲಾ ಮೆಡಿಕಲ್ ರೆಕಾರ್ಡ್ ಕೊಡಿ ಅಂತ ಬರೆದ್ರೆ ಉತ್ತರನೂ ಹಾಗೇ ತೇಲ್ಸಿ ಬರತ್ತೆ. ಇಂಥ ಆಸ್ಪತ್ರೆ, ಇಂಥ ತಿಂಗಳು, ಎ ಅಂಡ್ ಡಿ ನಂಬರ್ ಇಷ್ಟು, ಕೇಸ್ ಶೀಟಿನ ಕಾಪಿ ಬೇಕು ಅಂತ ಒಂದೊಂದೇ ಬರೀರಿ. ನನ್ನ ಕೇಸ್ ಶೀಟ್ ಸಿಕ್ಕಿದ್ದು ಹೀಗೇನೇ, ಹನ್ನೊಂದು ದಿನದ ಕೇಸ್ ಶೀಟಿನ ಮೊದಲ ಪುಟದಲ್ಲೇ ಐಸ್ ಮೇಲೆ ಡ್ಯೂಟೀಲಿ ಬಿದ್ದಿದ್ದು ಅಂತ ಡಾಕ್ಟರ್ ಸಾಬ್ ಕೈಬರಹದಲ್ಲಿತ್ತು. ಅದನ್ನ ಹಿಡ್ಕೊಂಡೇ ಅಪೀಲ್ ಹಾಕಿದ್ದು. ಅಪೀಲ್ ಬರೆಯೋಕೆ ಜಿಲ್ಲಾ ಸೈನಿಕ ಕಲ್ಯಾಣ ಆಫೀಸಲ್ಲಿ ಸಹಾಯ ಕೇಳಿ, ಸಂಕೋಚ ಬೇಡ.

ದುಡ್ಡಿನ ವಿಷಯ ಬಿಡಿ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಮೊದಲ ಸಲ ಹೋದಾಗಲೂ ಇದೇ ಪೇಪರ್ಸ್ ಬೇಕಾಗತ್ತೆ. ಮಡಿಕೇರಿ, ಹಾಸನ, ಮೈಸೂರು ಎಲ್ಲೇ ಆಗ್ಲಿ, ಅಲ್ಲಿನ ಡಾಕ್ಟರ್‌ಗೆ ನಿಮ್ಮ ಹಿಂದಿಂದು ಏನೂ ಗೊತ್ತಿರಲ್ಲ, ಯಾವ ಮಾತ್ರೆ ಎಷ್ಟು ವರ್ಷದಿಂದ ಅಂತ ಫೈಲ್ ನೋಡಿದ್ರೇನೇ ತಿಳಿಯೋದು. ಒರಿಜಿನಲ್ ಯಾರ ಕೈಗೂ ಕೊಡ್ಬೇಡಿ, ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಒಂದು ಸೆಟ್ ಎಲ್ಲಿದೆ ಅಂತ ಮನೆಯವರಿಗೆ ತೋರಿಸಿ ಇಡಿ.