ಹೆಲಿಸ್ಕೀಯಿಂಗ್‌ಗೆ ಹೊರಟಿದ್ದೀರಾ? ಮೊದಲು ತೋಟದ ಕೆಲಸ ನೋಡಿ, ಆಮೇಲೆ ಕಂಪನಿ ಹುಡುಕಿ

ಹೆಲಿಕಾಪ್ಟರ್ ನಿಮ್ಮನ್ನು ಬೆಟ್ಟದ ನೆತ್ತಿಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಯಾರೂ ತುಳಿಯದ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರಿ ಬರಬೇಕು. 1965ರಲ್ಲಿ ಹ್ಯಾನ್ಸ್ ಗ್ಮೋಸರ್ ಎಂಬ ಗೈಡ್ ಕೆನಡಾದ ಬುಗಾಬೂ ಬೆಟ್ಟಗಳಲ್ಲಿ ಇದನ್ನು ವ್ಯಾಪಾರವಾಗಿ ಶುರು ಮಾಡಿದರು. ನಮ್ಮ ದೇಶದಲ್ಲಿ ಗುಲ್ಮಾರ್ಗ್, ಮನಾಲಿ ಕಡೆ ನಡೆದಿದೆ. ಖರ್ಚು ಲಕ್ಷಗಳ ಲೆಕ್ಕದಲ್ಲಿ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ಕೀ ಬಾರದವರಿಗೆ ಇದಲ್ಲ. ಗುಲ್ಮಾರ್ಗ್, ಮನಾಲಿ, ಔಲಿಯಲ್ಲಿ ಸ್ಕೀ ಕೋರ್ಸ್‌ಗಳಿವೆ. ಅಲ್ಲಿ ಕಲಿತು, ಸಿದ್ಧ ಇಳಿಜಾರು ಬಿಟ್ಟು ಪುಡಿಹಿಮದಲ್ಲೂ ಬೀಳದೆ ತಿರುಗಲು ಬಂದ ಮೇಲೆ ಮುಂದಿನ ಮಾತು.

ಯಾವಾಗ ಹೋಗಬೇಕು?

ಕೊಡಗಿನವರಿಗೆ ಕಷ್ಟ ಇರುವುದೇ ಇಲ್ಲಿ. ಗುಲ್ಮಾರ್ಗ್‌ನ ಪುಡಿಹಿಮಕ್ಕೆ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಅದೇ ಹೊತ್ತಿಗೆ ನಮ್ಮಲ್ಲಿ ರೋಬಸ್ಟಾ ಕೊಯ್ಲು. ಕಣದ ತುಂಬ ಕಾಫಿ ಹರಡಿರುತ್ತದೆ, ಆಳು ಸಿಗುವುದಿಲ್ಲ. ಕೊಯ್ಲು ಮುಗಿಯಿತು ಅನ್ನುವಾಗ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಎಳೆದಾಡಬೇಕು. ಹೊಳೆಯ ಪಂಪ್ ಬಿಟ್ಟು ಕಾಶ್ಮೀರಕ್ಕೆ ಹೋಗ್ತೀನಿ ಅಂದರೆ ಮನೆಯಲ್ಲಿ ಸುಮ್ನೆ ಬಿಡುತ್ತಾರಾ?

ಹಾಗಾಗಿ ಎರಡು ದಾರಿ. ಮೊದಲನೆಯದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ, ಮನಾಲಿಯ ಎತ್ತರದ ಬೆಟ್ಟಗಳು ಇಲ್ಲವೇ ಅಲಾಸ್ಕಾ. ಹಗಲು ಉದ್ದ, ಚಳಿ ಕಮ್ಮಿ. ಆದರೆ ಬಿಸಿಲು ಬೀಳುವ ಮೈಯಲ್ಲಿ ಮಧ್ಯಾಹ್ನಕ್ಕೆ ಹಿಮ ಅಂಟಂಟಾಗುತ್ತದೆ, ಬೇಗ ಹೊರಟು ಬೇಗ ಮುಗಿಸಬೇಕು. ಎರಡನೆಯದು ನ್ಯೂಜಿಲೆಂಡ್. ಅಲ್ಲಿ ಜುಲೈಯಿಂದ ಸೆಪ್ಟೆಂಬರ್ ಚಳಿಗಾಲ, ನಮ್ಮಲ್ಲಿ ಕಕ್ಕಡದ ಮಳೆ. ಕ್ವೀನ್ಸ್‌ಟೌನ್, ವಾನಾಕಾದಲ್ಲಿ ಒಂದೊಂದು ದಿನದ ಲೆಕ್ಕದಲ್ಲೂ ಬುಕಿಂಗ್ ಸಿಗುತ್ತದೆ, ಇಡೀ ವಾರದ ದುಡ್ಡು ಒಟ್ಟಿಗೆ ಸುರಿಯಬೇಕಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬಕ್ಕೆ ವಾಪಸ್ ಬರಬಹುದು. ನನ್ನನ್ನು ಕೇಳಿದರೆ ತೋಟದವರಿಗೆ ಇದೇ ಸರಿ.

ಕಂಪನಿ ಆರಿಸುವುದು

ಎಲ್ಲರೂ ಮೊದಲು ರೇಟ್ ಕೇಳುತ್ತಾರೆ. ನೀವು ಬೇರೆ ಪ್ರಶ್ನೆ ಕೇಳಿ: ಹೆಲಿಕಾಪ್ಟರ್ ಹಾರದ ದಿನ ಏನು ಮಾಡುತ್ತೀರಿ? ಏಕೆಂದರೆ ಹಾರದ ದಿನಗಳು ಬಂದೇ ಬರುತ್ತವೆ. ಮರಗಳಿಲ್ಲದ ಎತ್ತರದ ಬೆಟ್ಟದಲ್ಲಿ ಮೋಡ ಕವಿದರೆ ಪೈಲಟ್‌ಗೆ ನೆಲ ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ. ಕೆನಡಾದಲ್ಲಿ ಕಾಡಿನ ನಡುವಿನ ಇಳಿಜಾರುಗಳೂ ಇರುವುದರಿಂದ ಅಂಥ ದಿನವೂ ಸ್ವಲ್ಪ ಆಟ ಆಗುತ್ತದೆ. ಅಲ್ಲಿನ ಹಲವು ಕಂಪನಿಗಳು ಒಬ್ಬರಿಗೆ ಇಷ್ಟು ಸಾವಿರ ಮೀಟರ್ ಇಳಿತ ಎಂದು ಲೆಕ್ಕ ಹಾಕುತ್ತವೆ. ಕಡಿಮೆಯಾದರೆ ಹಣ ವಾಪಸ್ ಬರುತ್ತದಾ, ಮುಂದಿನ ವರ್ಷಕ್ಕೆ ಹೋಗುತ್ತದಾ, ಜಾಸ್ತಿಯಾದರೆ ಮೇಲಿನ ದುಡ್ಡು ಎಷ್ಟು? ಎಲ್ಲ ಬರಹದಲ್ಲಿ ತೆಗೆದುಕೊಳ್ಳಿ. ‘ನಮ್ಮಲ್ಲಿ ದಿನಾ ಹಾರುತ್ತದೆ’ ಅನ್ನುವವನನ್ನು ಅಲ್ಲಿಗೇ ಬಿಡಿ. ಹಾರಬಾರದ ದಿನವೂ ಹಾರಿಸುವವನು ಅವನೇ.

ಇನ್ನು ಹಿಮಕುಸಿತ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ನೆನೆದ ಮಣ್ಣು ಹೇಗೆ ಜಾರಿತು ಅಂತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ಸಡಿಲ ಪದರದ ಮೇಲೆ ಹೊಸ ಹಿಮದ ಭಾರ ಬಿದ್ದು ಇಡೀ ಮೈ ಕಳಚಿ ಬರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಜಾಸ್ತಿ, ಸ್ಕೀಗೆ ಮಜಾ ಇರುವುದೂ ಅಲ್ಲೇ. ಭಾರಿ ಹಿಮ ಬಿದ್ದ ಮೊದಲ ಒಂದೆರಡು ದಿನ ಒಳ್ಳೆಯ ಗೈಡ್ ಕಡಿದಾದ ಜಾಗಕ್ಕೆ ಕರೆದುಕೊಂಡು ಹೋಗುವುದಿಲ್ಲ. ಗೈಡ್‌ಗೆ ಐಎಫ್‌ಎಂಜಿಎ (ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ) ಪ್ರಮಾಣಪತ್ರ ಇದೆಯೇ, ಒಬ್ಬ ಗೈಡ್‌ಗೆ ಎಷ್ಟು ಜನ ಎಂದು ಕೇಳಿ. ನಾಲ್ಕೈದು ಜನ ಆದರೆ ಒಳ್ಳೆಯದು.

ಮೊದಲ ಬೆಳಿಗ್ಗೆ ಹಾರುವ ಮುಂಚೆ ತರಬೇತಿ ಇರಲೇಬೇಕು. ಹಿಮದಡಿ ಸಿಕ್ಕವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ, ಅಂಗೈಯಷ್ಟು ದೊಡ್ಡ ಬೀಕನ್ ಅನ್ನು ಜಾಕೆಟ್ ಒಳಗೆ ಎದೆಗೆ ಕಟ್ಟಿಕೊಳ್ಳುತ್ತೀರಿ. ಗೈಡ್ ಇನ್ನೊಂದನ್ನು ಹಿಮದಲ್ಲಿ ಹೂತಿರುತ್ತಾನೆ. ನಿಮ್ಮದನ್ನು ‘ಹುಡುಕು’ ಸ್ಥಿತಿಗೆ ತಂದು ನಡೆದಂತೆ ಪರದೆಯಲ್ಲಿ ದೂರದ ಅಂಕಿ ಮೂವತ್ತು, ಹನ್ನೆರಡು, ನಾಲ್ಕು ಎಂದು ಇಳಿಯುತ್ತದೆ. ಬೀಕನ್ ಅನ್ನು ನೆಲಕ್ಕೆ ತಾಗಿಸಿ ಹುಡುಕಿ, ಅಂಕಿ ತೀರ ಕಡಿಮೆಯಾದಲ್ಲಿ ಉದ್ದದ ಸರಳು ಚುಚ್ಚಿ, ಮೆತ್ತಗೆ ತಾಗಿದಲ್ಲಿ ಸಲಿಕೆ ಹಾಕಬೇಕು. ಹಿಮದಡಿ ಸಿಕ್ಕವರನ್ನು ಮೊದಲ 10–15 ನಿಮಿಷದಲ್ಲಿ ತೆಗೆದರೆ ಉಳಿಯುವವರೇ ಜಾಸ್ತಿ, ಆಮೇಲೆ ಆಸೆ ಬೇಗ ಕರಗುತ್ತದೆ. ಹೆಲಿಕಾಪ್ಟರ್ ಬರುವವರೆಗೆ ಉಳಿಸುವವರು ಪಕ್ಕದಲ್ಲಿರುವವರೇ. ಈ ಪಾಠವನ್ನು ಐದು ನಿಮಿಷದಲ್ಲಿ ಮುಗಿಸುವ ಕಂಪನಿ ಬೇಡ.

ಹೆಲಿಕಾಪ್ಟರ್ ಯಾರದು ಎಂದೂ ಕೇಳಿ. ಭಾರತದಲ್ಲಾದರೆ ಬಾಡಿಗೆಗೆ ಹಾರಿಸಲು ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಪರವಾನಗಿ ಬೇಕು. ತೂಕ ಕೇಳಿದರೆ ಸರಿಯಾಗಿ ಹೇಳಿ, ಅದರ ಮೇಲೆ ಇಂಧನ ಮತ್ತು ಸಮತೋಲನದ ಲೆಕ್ಕ ನಿಂತಿದೆ. ಪಂದಿಕರಿ, ಕಡಂಬುಟ್ಟು ಹೊಡೆದು ನಾಲ್ಕು ಕೆಜಿ ಮುಚ್ಚಿಡಬೇಡಿ.

ವಿಮೆ ಕೊನೆಯಲ್ಲ, ಅಡ್ವಾನ್ಸ್ ಕಟ್ಟುವ ಮುಂಚೆ. ಸಾಮಾನ್ಯ ಪ್ರಯಾಣ ವಿಮೆ ಹೆಲಿಸ್ಕೀಯಿಂಗ್ ಅನ್ನು ಹೊರಗಿಟ್ಟಿರುವುದೇ ಹೆಚ್ಚು. ಪಾಲಿಸಿಯಲ್ಲಿ ಆ ಹೆಸರು ಇದೆಯೇ, ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿ ತರುವ ಖರ್ಚು ಸೇರಿದೆಯೇ ಎಂದು ಏಜೆಂಟ್‌ನಿಂದ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.