ಹಳೆಯ ಹಾಲಿವುಡ್ ಪ್ರೇಮಹಾಸ್ಯದಲ್ಲಿ ಬಾಗಿಲು ತೆಗೆಯುವವರು ಯಾರು: ಗುಂಪಾಗಿ ನೋಡುವ ಕ್ರಮ

ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಹತ್ತು ಹನ್ನೆರಡು ಗೆಳೆಯರು ಸೇರಿ, ಬಿಳಿಯರಲ್ಲದವರಿಗೆ ಎಂಥ ಪಾತ್ರ ಸಿಕ್ಕಿತೆಂದು ಗಮನಿಸುತ್ತಾ ಈ ಚಿತ್ರಗಳನ್ನು ನೋಡುವುದಾದರೆ ಮೊದಲು ತಿಂಗಳು ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್ ಬೇಡ. ಕರೆಂಟಿನ ಕಾಟ ಇದ್ದದ್ದೇ; ಶೀಟಿನ ಮಾಡಿನ ಮೇಲೆ ಮಳೆ ಹೊಡೆದರೆ ಒಂದು ಮಾತೂ ಕೇಳಿಸದು, ಈ ಚಿತ್ರಗಳ ಜೀವವೇ ಪಟಪಟ ಮಾತು. ಕಾಫಿ ಕೊಯ್ಲಿನಲ್ಲಿ ಯಾರೂ ಬರುವುದಿಲ್ಲ. ಮಾರ್ಚ್ ಒಳ್ಳೆಯದು. ಸಬ್‌ಟೈಟಲ್ ಹಾಕಿಯೇ ತೋರಿಸಿ. ಮನೆಯಲ್ಲಲ್ಲದೆ ಸಾರ್ವಜನಿಕವಾಗಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು.

ಮೂರು ಚಿತ್ರ ಸಾಕು, ವಾರಕ್ಕೊಂದು. ಐದಾರು ಇಟ್ಟುಕೊಂಡರೆ ಕೊನೆಗೆ ಎಲ್ಲ ಕಲಸಿಹೋಗುತ್ತದೆ.

ಮೊದಲ ದಿನ ಹತ್ತು ನಿಮಿಷ ಹೇಸ್ ಕೋಡ್ ಬಗ್ಗೆ ಹೇಳಿ. ಪರದೆಯ ಮೇಲೆ ಏನು ತೋರಿಸಬಹುದು, ಏನು ಬಾರದು ಎಂದು ಹಾಲಿವುಡ್ ಸ್ಟುಡಿಯೋಗಳೇ 1930ರಲ್ಲಿ ಒಪ್ಪಿ, 1934ರಿಂದ ಬಿಗಿಯಾಗಿ ಜಾರಿಗೆ ತಂದು, 1968ರಲ್ಲಿ ಕೈಬಿಟ್ಟ ನಿಯಮಾವಳಿ ಅದು. ಬಿಳಿಯರಿಗೂ ಕಪ್ಪುವರ್ಣೀಯರಿಗೂ ನಡುವಿನ ಸಂಬಂಧ ತೋರಿಸಲು ಅದು ಬಹುಕಾಲ ಬಿಡಲಿಲ್ಲ. ನಾಯಕ ನಾಯಕಿಯರು ಬಿಳಿಯರೇ ಆಗಿದ್ದ ಪ್ರೇಮಕಥೆಯಲ್ಲಿ ಉಳಿದವರಿಗೆ ಸಿಕ್ಕಿದ್ದು ಅಡುಗೆಮನೆ, ರೈಲಿನ ಪೋರ್ಟರ್ ಟೋಪಿ, ಬಾಗಿಲ ಚಿಲಕ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ಹಾಳೆ, ಬಿಳಿಯರಲ್ಲದ ಒಂದೇ ಪಾತ್ರ. ಎಲ್ಲರೂ ಎಲ್ಲರನ್ನೂ ಬರೆಯಲು ಹೊರಟರೆ ಸಿನಿಮಾ ನೋಡುವವರೇ ಇರುವುದಿಲ್ಲ. ಕಲಂ ಐದು: ಹೆಸರಿದೆಯೇ, ಕೆಲಸವೇನು, ಎಷ್ಟು ಸಲ ಮಾತಾಡಿದರು, ಅವರ ಸ್ವಂತ ಮನೆ ಕಾಣುತ್ತದೆಯೇ, ನಗು ಅವರ ಜೊತೆಗೋ ಅವರ ಮೇಲೋ.

'ಮಿಸ್ಟರ್ ಬ್ಲ್ಯಾಂಡಿಂಗ್ಸ್ ಬಿಲ್ಡ್ಸ್ ಹಿಸ್ ಡ್ರೀಮ್ ಹೌಸ್' (1948, 94 ನಿಮಿಷ) ಇಂದ ಶುರುಮಾಡಿ. ಪ್ರೇಮಕ್ಕಿಂತ ಸಂಸಾರದ ಹಾಸ್ಯವೇ ಇದರಲ್ಲಿ ಹೆಚ್ಚು, ಆದರೂ ಇದೇ ಬೇಕು. ಜಾಹೀರಾತು ಕಂಪನಿಯ ನಾಯಕನಿಗೆ ಹಂದಿಮಾಂಸದ ಬ್ರ್ಯಾಂಡಿಗೊಂದು ಘೋಷವಾಕ್ಯ ಹೊಳೆಯುವುದಿಲ್ಲ. ಮನೆಗೆಲಸದ ಗಸ್ಸಿ (ಕಪ್ಪುವರ್ಣೀಯ ನಟಿ ಲೂಯಿಸ್ ಬೀವರ್ಸ್) ಬಡಿಸುತ್ತಾ ಬಡಿಸುತ್ತಾ ಅದನ್ನು ಹೇಳಿಬಿಡುತ್ತಾಳೆ. ಅವನ ಕೆಲಸ ಉಳಿಯುತ್ತದೆ. ಅವಳಿಗೆ ಹತ್ತು ಡಾಲರ್ ಸಂಬಳ ಏರಿಕೆ. ಅಲ್ಲೇ ನಿಲ್ಲಿಸಿ. ಹೆಸರಿದೆ, ಮಾತಿದೆ, ನಗು ಅವಳ ಜೊತೆಗೇ ಇದೆ ಎಂದು ಬಹಳಷ್ಟು ಜನ ಒಳ್ಳೆಯ ಅಂಕ ಕೊಡುತ್ತಾರೆ. ಆಗ ನಾಲ್ಕನೇ ಕಲಂ ಕೇಳಿ. ನಮ್ಮ ತೋಟಗಳಲ್ಲಿ ತೆಗೆದ ಸಿನಿಮಾಗಳಲ್ಲಿ ಎಷ್ಟರಲ್ಲಿ ಕಾರ್ಮಿಕರ ಲೈನ್ ಮನೆಯ ಒಳಗೆ ಕ್ಯಾಮೆರಾ ಹೋಗಿದೆ ಎಂದೂ ಕೇಳಿ. ಮುಕ್ಕಾಲು ಗಂಟೆಯ ಭಾಷಣ ಮಾಡದ ಕೆಲಸವನ್ನು ಈ ಒಂದು ಪ್ರಶ್ನೆ ಮಾಡುತ್ತದೆ.

'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' (1961, 115 ನಿಮಿಷ) ಕೈಕೊಡುವ ಚಿತ್ರ. ಬಿಳಿಯ ನಟ ಮಿಕಿ ರೂನಿ ಉಬ್ಬುಹಲ್ಲು ಕಟ್ಟಿಕೊಂಡು ಜಪಾನಿ ಮೂಲದ ಯೂನಿಯೋಶಿಯಾಗಿದ್ದಾರೆ. ಮುಂಚೆ ಹೇಳದಿದ್ದರೆ ಅರ್ಧ ಜನ ನಗುತ್ತಾರೆ, ಉಳಿದರ್ಧ ಮುಜುಗರದಿಂದ ಫೋನ್ ತೆಗೆಯುತ್ತಾರೆ. ಚರ್ಚೆ ಅಲ್ಲಿಗೆ ಸತ್ತಿತು. ಹಾಗಂತ ಆ ದೃಶ್ಯಗಳನ್ನು ಹಾರಿಸಬೇಡಿ. 'ಆ ಕಾಲದಲ್ಲಿ ಏಷ್ಯನ್ ನಟರೆಲ್ಲಿದ್ದರು' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಉತ್ತರ, ಅದೇ 1961ರ 'ಫ್ಲವರ್ ಡ್ರಮ್ ಸಾಂಗ್': ತಾರಾಗಣದಲ್ಲಿ ಬಹುಪಾಲು ಏಷ್ಯನ್ ಮೂಲದವರೇ. ಪೂರಾ ಪಾಠದಂಥ ಚಿತ್ರವೇನಲ್ಲ, ಅಲ್ಲೂ ಚೀನೀ ಚಿಕ್ಕಮ್ಮನಾಗಿದ್ದವರು ಕಪ್ಪುವರ್ಣೀಯ ನಟಿ ಹ್ವಾನಿಟಾ ಹಾಲ್.

ಕೊನೆಗೆ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' (1967, 108 ನಿಮಿಷ). ಅಮೆರಿಕದ ಸುಪ್ರೀಂ ಕೋರ್ಟ್ ಬೇರೆ ಬೇರೆ ಜನಾಂಗದವರ ನಡುವಿನ ಮದುವೆಗಳ ಮೇಲಿನ ನಿಷೇಧ ರದ್ದುಮಾಡಿದ್ದು ಅದೇ ವರ್ಷದ ಜೂನ್‌ನಲ್ಲಿ, ಚಿತ್ರ ಬಂದದ್ದು ಡಿಸೆಂಬರ್‌ನಲ್ಲಿ. ಬಿಳಿಯ ಹುಡುಗಿ, ಕಪ್ಪುವರ್ಣೀಯ ನಾಯಕ; ಈ ಜೋಡಿಯ ಮುತ್ತು ಕಾಣುವುದು ಟ್ಯಾಕ್ಸಿಯ ಕನ್ನಡಿಯಲ್ಲಿ. ಅಲ್ಲೊಮ್ಮೆ ನಿಲ್ಲಿಸಿ, ನೋಡುತ್ತಿರುವ ಕಣ್ಣು ಯಾರದು ಎಂದು ಕೇಳಿ. ಸಿಡ್ನಿ ಪಾಯ್ಟಿಯೇ ಪಾತ್ರ ದೊಡ್ಡ ಹೆಸರಿನ ವೈದ್ಯ, ಒಂದು ಕುಂದೂ ಇಲ್ಲ. ಅಳಿಯನಾಗಲು ಅವನು ಅಷ್ಟು ಪರಿಪೂರ್ಣನಾಗಿರಬೇಕೇಕೆ? ಹುಡುಗಿಯ ಮನೆಯಲ್ಲಿ ಕೆಲಸಕ್ಕಿರುವ ಕಪ್ಪುವರ್ಣೀಯ ಟಿಲ್ಲಿಯೇ ಅವನನ್ನು ಎಲ್ಲರಿಗಿಂತ ಜೋರಾಗಿ ಬೈಯುವುದರಿಂದ, ಅವಳ ಹಾಳೆಯನ್ನು ಗುಂಪಿನಲ್ಲಿ ಚುರುಕಾದವರಿಗೆ ಕೊಡಿ. ಈ ದಿನದ ಮಾತು ಒಂದು ಗಂಟೆಯಾದರೂ ಎಳೆಯುತ್ತದೆ. ಮೂರು ಗಂಟೆಗೇ ಚಿತ್ರ ಶುರುಮಾಡಿ, ದೂರದವರಿಗೆ ಕೊನೆಯ ಬಸ್ಸು ತಪ್ಪಬಾರದು.